ದೇಹವೆಂಬ ಮೊದಲ ಗುರು

ಶರೀರವು ನಶ್ವರವೆಂದು ಹಿರಿಯರು ಹೇಳುವರು. ಅದು ದಿಟವಾದರೂ, ಮಾನವನಿಗೆ ಮೊದಲ ಗುರು ಶರೀರವೇ ಎಂಬುದನ್ನು ಮರೆಯಲಾಗದು. ಹಸಿದು ಬಂದವನು ಉಂಡು ತೃಪ್ತನಾಗಿ, ಅನ್ನವಿಕ್ಕಿದ ತಾಯಿಯನ್ನು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವನು. ಮೈ ಅನುಭವಿಸಿದುದೇ ಆಶೀರ್ವಾದದ ನುಡಿಯಾಯಿತು.

ಶಿಲ್ಪಿಯೂ ಗುಡಿಯನ್ನು ಕಟ್ಟುವಾಗ ಈ ಗುರುವನ್ನೇ ಆಶ್ರಯಿಸುವನು. ಬೆರಳಿನ ಅಗಲವೇ ಅಂಗುಲ. 12 ಅಂಗುಲಗಳಿಗೆ ಒಂದು ತಾಲ, 24 ಅಂಗುಲಗಳಿಗೆ ಒಂದು ಹಸ್ತ. ದೇವರು ನೆಲಸುವ ಎಡೆಗೆ ಗರ್ಭಗೃಹವೆಂದು ಹೆಸರು. ಶಿಖರದ ಕೆಳಗಿನ ಭಾಗಕ್ಕೆ ಗ್ರೀವ, ಎಂದರೆ ಕೊರಳು, ಎಂದು ಹೆಸರು.

ಮಾತಿನ ರೀತಿಯೂ ಇದೇ. ಅಸೂಯೆಯನ್ನು ಕನ್ನಡಿಗರು ಹೊಟ್ಟೆಕಿಚ್ಚೆಂದರೆ ತಮಿಳರು ವಯಿತ್ತೆರಿಚ್ಚಲ್ ಎನ್ನುವರು. ನುಡಿ ಎರಡಾದರೂ ಉರಿಯುವ ಹೊಟ್ಟೆ ಒಂದೇ. ಕನ್ನಡದಲ್ಲಿ ಮುಟ್ಟಿ ನೋಡು, ಕೇಳಿ ನೋಡು, ರುಚಿ ನೋಡು ಎನ್ನುವಂತೆ ತಮಿಳಿನಲ್ಲಿಯೂ ತೊಟ್ಟುಪ್ ಪಾರ್, ಕೇಟ್ಟುಪ್ ಪಾರ್ ಎಂಬ ಮಾತುಂಟು. ಬೆರಳು, ಕಿವಿ, ನಾಲಗೆಗಳು ಅರಿತುದನ್ನೂ ಜನರು ಕಣ್ಣಿನ ಹೆಸರಿನಲ್ಲಿಯೇ ಹೇಳುವರು. ಹೀಗೆಯೇ ಗುಡಿಯಲ್ಲಿ ದೇವರನ್ನು ಕಾಣುವುದೂ ದರ್ಶನ. ತತ್ತ್ವವನ್ನು ವಿಚಾರಿಸುವ ಸಾಂಖ್ಯ, ವೇದಾಂತಾದಿ ಆರು ಶಾಸ್ತ್ರಗಳೂ ದರ್ಶನ. ಕಣ್ಣಿಲ್ಲದ ಭಕ್ತನು ಗಂಟೆಯ ನಾದವನ್ನು ಕೇಳಿ, ತೀರ್ಥದ ತಂಪನ್ನು ಅಂಗೈಯಲ್ಲಿ ಪಡೆದು, ದರ್ಶನವಾಯಿತೆನ್ನುವನು. ಅವನ ಮಾತು ಸುಳ್ಳಲ್ಲ.

ಆದರೆ ಗುರು ಕಲಿಸಿದ ಪಾಠವನ್ನು ಶಿಷ್ಯನು ತಪ್ಪಾಗಿ ಗ್ರಹಿಸುವುದೂ ಉಂಟು. ತಲೆ ಮೇಲಿದೆ, ಕಾಲು ಕೆಳಗಿದೆ. ಇಷ್ಟರಿಂದಲೇ ಮೇಲೆಂಬುದು ಹಿರಿಮೆಗೂ ಕೀಳೆಂಬುದು ಹೀನತೆಗೂ ಹೆಸರಾಯಿತು. ಆ ಹೆಸರನ್ನು ಮನುಷ್ಯರ ಮೇಲೆ ಹೊರಿಸಿ, ಕೆಲವರನ್ನು ಕೀಳೆಂದು ಕರೆದು, ಗುಡಿಯ ಹೊರಗೆ ನಿಲ್ಲಿಸಿದರು. 1947ರ ಮದರಾಸು ದೇವಾಲಯ ಪ್ರವೇಶ ಶಾಸನವು ಬಾಗಿಲನ್ನು ತೆರೆಯಿತು. ಆದರೆ ನಾಲಗೆಗೆ ಅಂಟಿದ ಮಾತನ್ನು ಯಾವ ಶಾಸನವೂ ತೊಳೆಯಲಾರದು. ಅದನ್ನು ಭಕ್ತರೇ ತೊಳೆಯಬೇಕು.

ಅದಕ್ಕೆ ಉಪಾಯವೂ ಗುಡಿಯಲ್ಲಿಯೇ ಇದೆ. ಭಕ್ತನು ಆಶ್ರಯಿಸುವುದು ಭಗವಂತನ ಕಿರೀಟವನ್ನಲ್ಲ, ಪಾದವನ್ನು. ವಿಷ್ಣುವಿನ ಆಲಯದಲ್ಲಿ ಶಠಾರಿಯ ರೂಪದಲ್ಲಿ ಆ ಪಾದವನ್ನೇ ತಲೆಯ ಮೇಲೆ ಧರಿಸುವನು. ಕಾಲು ಕೀಳಾದರೆ ಇದು ಹೇಗೆ ಸಲ್ಲುವುದು? ಸಾಷ್ಟಾಂಗವೆರಗಿದಾಗ ತಲೆಯೂ ಕಾಲೂ ಒಂದೇ ನೆಲವನ್ನು ಮುಟ್ಟುವುವು. ಅಲ್ಲಿ ಮೇಲಿಲ್ಲ, ಕೀಳಿಲ್ಲ. ಮೈ ಬಾಗಿ ಕಲಿತುದನ್ನು ಮನಸ್ಸು ಎದ್ದು ನಿಂತಾಗ ಮರೆಯಬಾರದು.

ಕಲ್ಲಿನ ಗುಡಿಗೆ ಜೀರ್ಣೋದ್ಧಾರವಾಯಿತು. ಅದರ ಬಾಗಿಲಲ್ಲಿ ನಿಂತು ಆಡುವ ನುಡಿಗೂ ಜೀರ್ಣೋದ್ಧಾರವಾಗಲಿ. ಎಲ್ಲರ ಹೊಟ್ಟೆಯೂ ತಣ್ಣಗಿರಲಿ. ಶುಭಮಸ್ತು.