ಯಾರ ನಾಲಿಗೆಗೆ ಈ ಒಲೆ?

ಮೈಸೂರಿಗೆ ಬಂದ ಪ್ರವಾಸಿ ಅರಮನೆ ನೋಡಿ, ಚಾಮುಂಡಿ ಬೆಟ್ಟ ಹತ್ತಿಳಿದು ಕೇಳುವುದು ‘ಮೈಸೂರು ಮಸಾಲೆ ದೋಸೆ’. ಅವನ ತಲೆಯಲ್ಲಿರುವುದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ತಿಂದ, ಕೆಂಪು ಚಟ್ನಿ ಸವರಿದ ಗರಿಗರಿ ದೋಸೆ. ನಜರಬಾದಿನ ಮೈಲಾರಿ ಹೋಟೆಲಿಗೆ ಹೋದರೆ ಎದುರಿಗೆ ಬರುವುದೇ ಬೇರೆ: ಮೆತ್ತಗಿನ ದೋಸೆ, ಮೇಲೆ ಕರಗುತ್ತಿರುವ ಬೆಣ್ಣೆ, ಒಳಗೆ ಸಾಗು, ಪಕ್ಕದಲ್ಲಿ ಕಾಯಿಚಟ್ನಿ. ಸಾಂಬಾರು ಕೇಳಿದರೂ ಇಲ್ಲ. ಅದೇ ಹೆಸರಿನ ಎರಡು ಹೋಟೆಲು ಅಲ್ಲಿವೆ. ಅಸಲಿ ಯಾವುದು ಎಂಬ ವಾದ ಊರವರಿಗೆ ದೋಸೆಯಷ್ಟೇ ರುಚಿ.

ಅತಿಥಿ ಕೇಳಿದ್ದನ್ನೇ ಬಡಿಸುವುದು ಸತ್ಕಾರವೋ, ನಮ್ಮಲ್ಲಿರುವುದನ್ನು ಬಡಿಸುವುದೋ? ಅರಮನೆಯ ಆಸುಪಾಸಿನಲ್ಲಿ ಗೋಬಿ ಮಂಚೂರಿ, ನಾರ್ತ್ ಇಂಡಿಯನ್ ಥಾಲಿ ಒಂದೇ ಬೋರ್ಡಿನಲ್ಲಿ ಕಂಡರೆ ಬೈಯಲು ನನಗೆ ಬಾಯಿ ಬರುವುದಿಲ್ಲ. ಬಾಡಿಗೆ ಕಟ್ಟುವವರ ಕಷ್ಟ ಅವರಿಗೇ ಗೊತ್ತು. ದೂರದಿಂದ ಬಂದ ಅಜ್ಜಿಗೆ ಚಪಾತಿ ಬೇಕೆನಿಸಿದರೆ ಸಿಗಲಿ. ಆದರೆ ಪ್ರವಾಸಿಗೆ ರುಚಿ ಕೆಟ್ಟಿತೆಂದು ಹೇಳಲೂ ಪುರಸೊತ್ತಿಲ್ಲ, ಅಷ್ಟರಲ್ಲಿ ಬಸ್ಸು ಊಟಿಯ ದಾರಿ ಹಿಡಿದಿರುತ್ತದೆ. ದಿನಾ ಬರುವ ಗಿರಾಕಿ ಹಾಗಲ್ಲ. ಚಟ್ನಿ ತೆಳುವಾದ ದಿನ ಗಲ್ಲಾದ ಮುಂದೆ ನಿಂತು, ‘ಏನ್ ಸ್ವಾಮಿ, ಇವತ್ತು ಕಾಯಿ ಸಿಗಲಿಲ್ವಾ?’ ಎಂದು ಕೇಳಿಯೇ ದುಡ್ಡು ಕೊಡುತ್ತಾನೆ. ಊರಿನ ರುಚಿಯನ್ನು ಕಾಯುತ್ತಿರುವುದು ಈ ಗೊಣಗಾಟವೇ ಎಂದು ನನ್ನ ನಂಬಿಕೆ. ಪ್ರವಾಸೋದ್ಯಮ ಇಲಾಖೆಯ ಕರಪತ್ರವಲ್ಲ.

ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಮಟನ್ ಪಲಾವು 1930ರಿಂದ ನಡೆದುಬಂದಿರುವುದೂ ಹೀಗೆಯೇ. ಬೆಳಗಿನ ತಿಂಡಿಗೇ ಪಲಾವು ತಿನ್ನುವ ಮೊಹಲ್ಲಾದವರನ್ನು ನೋಡಿ ಹೊರಗಿನವರು ಸಾಲಿಗೆ ನಿಂತರೇ ಹೊರತು, ಹೊರಗಿನವರಿಗಾಗಿ ಯಾರೂ ಆ ಒಲೆ ಹಚ್ಚಲಿಲ್ಲ. ಮೈಸೂರು ಪಾಕಿನ ಕತೆ ಮಾತ್ರ ಸ್ವಲ್ಪ ಬೇರೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಅದನ್ನು ಮಾಡಿದರೆಂದು ಹೇಳುತ್ತಾರೆ. ಅವರ ವಂಶದವರ ಗುರು ಸ್ವೀಟ್ಸ್ ಇರುವುದು ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲೇ. ಒಬ್ಬ ರಾಜನ ನಾಲಿಗೆಗೆ ಒಗ್ಗಿದ ಸಿಹಿ, ಸೊಪ್ಪು ಕೊಳ್ಳಲು ಬಂದವರ ಕೈಚೀಲಕ್ಕೂ ಬಿದ್ದ ಮೇಲೆಯೇ ಊರಿನದಾಯಿತು.

ಮೈಸೂರಿಗೆ ಬರುವವರು ‘ಇಲ್ಲಿ ಏನು ಫೇಮಸ್ಸು?’ ಎನ್ನುವ ಬದಲು, ‘ನೀವು ಬೆಳಗ್ಗೆ ಎಲ್ಲಿ ತಿಂದಿರಿ?’ ಎಂದು ಆಟೋದವರನ್ನು ಕೇಳಿ. ಊರಿನವರಿಗೂ ಒಂದು ಮಾತು: ದಸರೆಯ ಜಂಗುಳಿಗೆ ಬೇಸತ್ತು ನಿಮ್ಮ ಮಾಮೂಲಿ ಹೋಟೆಲನ್ನು ಬಿಡಬೇಡಿ. ಹೋಗಿ, ಸಾಲಿನಲ್ಲಿ ನಿಲ್ಲಿ, ಚಟ್ನಿ ತೆಳುವಾಗಿದ್ದರೆ ಹೇಳಿ.