ಶಬ್ದಪ್ರಮಾಣವೂ ಓದುವ ಯಂತ್ರವೂ

ಪರರ ಮಾತಿನಿಂದ ಬಂದ ತಿಳಿವಳಿಕೆಯು ಯಾವಾಗ ಜ್ಞಾನವೆನಿಸುವುದೆಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಮಥಿಸಿದರು. ಈಗ ಅದೇ ಪ್ರಶ್ನೆ ಯಂತ್ರದ ಮೂಲಕ ನಮ್ಮೆದುರಿಗೆ ಬಂದಿದೆ. 2010ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಟಾಮ್ ಮಿಚೆಲ್ ಮತ್ತು ಅವರ ಸಂಗಡಿಗರು ‘ನೆಲ್’ ಎಂಬ ಗಣಕವ್ಯವಸ್ಥೆಯನ್ನು ಓದಲು ಹಚ್ಚಿದರು. ನಗರ, ಆಟಗಾರ, ತಿನಿಸು ಮೊದಲಾದ ನೂರಾರು ವರ್ಗಗಳನ್ನೂ ಒಂದೊಂದಕ್ಕೆ ಹತ್ತು ಹದಿನೈದು ನಿದರ್ಶನಗಳನ್ನೂ ಪಡೆದ ಆ ಯಂತ್ರವು, ಹಗಲಿರುಳೆನ್ನದೆ ಅಂತರ್ಜಾಲದ ಪುಟಗಳನ್ನೋದಿ, ದೊರೆತ ಸಂಗತಿಗಳನ್ನು ತನ್ನ ವಿಶ್ವಾಸದ ಮಟ್ಟದೊಡನೆ ಬರೆದಿಡತೊಡಗಿತು. ಅದು ಲಕ್ಷಗಟ್ಟಲೆ ಸಂಗತಿಗಳನ್ನು ಕಲಿತದ್ದು ನಿಜ. ಆದರೆ ಬೇಕರಿಯ ತಿನಿಸುಗಳ ಸಾಲಿಗೆ ಅದು, ಜಾಲತಾಣಗಳು ನಮ್ಮ ಗಣಕದಲ್ಲಿ ಇರಿಸುವ ಕಿರುಮಾಹಿತಿಯಾದ ‘ಇಂಟರ್ನೆಟ್ ಕುಕಿ’ಯನ್ನೂ ಸೇರಿಸಿತು, ಜನರು ಕುಕಿಗಳನ್ನು ಅಳಿಸುವಂತೆಯೇ ಕಡತಗಳನ್ನೂ ಅಳಿಸುವರೆಂದು ಓದಿ, ಕಡತಗಳೂ ತಿನಿಸೇ ಎಂದು ನಿರ್ಣಯಿಸಿತು. ಕಡೆಗೆ ಮನುಷ್ಯರೇ ತಿದ್ದಬೇಕಾಯಿತು.

ನ್ಯಾಯಶಾಸ್ತ್ರವು ಶಬ್ದವನ್ನು, ಎಂದರೆ ಪರರ ಮಾತನ್ನು, ಪ್ರಮಾಣವೆಂದು, ಎಂದರೆ ಜ್ಞಾನಸಾಧನವೆಂದು, ಒಪ್ಪಿತಾದರೂ ಅದು ಆಪ್ತನ ಶಬ್ದವಾಗಿರಬೇಕೆಂದು ವಿಧಿಸಿತು. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ಹೇಳುವ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ಸಾರಿದುದು ನನಗೆ ಬಹು ದೊಡ್ಡ ಮಾತಾಗಿ ತೋರುತ್ತದೆ. ಯಂತ್ರವಾದರೋ, ಹೇಳಿದವರು ಯಾರೆಂಬುದಕ್ಕಿಂತ ಎಷ್ಟು ಕಡೆ ಹೇಳಿದೆ ಎಂಬುದನ್ನೇ ಹೆಚ್ಚಾಗಿ ನೆಚ್ಚುತ್ತದೆ.

ಬೆಳಗಾವಿ ಜಿಲ್ಲೆಯ ರಾಮದುರ್ಗದವರಿಗೆ, ಯಾರ ಮಾತನ್ನು ನೆಚ್ಚಬೇಕೆಂಬ ಈ ಪ್ರಶ್ನೆ ದೂರದ ವಿಚಾರವಲ್ಲ. ಸುರೇಬಾನದ ಬಳಿಯ ಶಬರಿಕೊಳ್ಳವು ಶಬರಿಯು ರಾಮನನ್ನು ಕಂಡ ತಾಣವೆಂಬುದು ಈ ಸೀಮೆಯ ನಂಬಿಕೆ. ಆನೆಗೊಂದಿಯ ಪಂಪಾ ಸರೋವರದ ದಡದಲ್ಲಿಯೂ ಗುಜರಾತಿನ ಡಾಂಗ್ ಜಿಲ್ಲೆಯ ಶಬರಿಧಾಮದಲ್ಲಿಯೂ ಅದೇ ನಂಬಿಕೆಯಿದೆ. ವಾಲ್ಮೀಕಿಯಂತೂ ಆಶ್ರಮವನ್ನು ಪಂಪೆಯ ಪಶ್ಚಿಮ ತೀರದಲ್ಲಿ ಇರಿಸಿದ್ದಾನೆ. ಯಾವುದರ ವಿಷಯವಾಗಿ ಪುಟಗಳು ಹೆಚ್ಚೋ ಅದನ್ನೇ ಯಂತ್ರವು ನಿಜವೆಂದು ಹಿಡಿದರೆ ಆಶ್ಚರ್ಯವಿಲ್ಲ. ಶಬರಿಯು ಬಾರಿಹಣ್ಣುಗಳನ್ನು ತಾನು ಕಚ್ಚಿ ನೋಡಿ, ಸಿಹಿಯಾದುದನ್ನೇ ರಾಮನಿಗೆ ಕೊಟ್ಟಳೆಂಬ ಕಥೆ ಮನೆಮಾತಾಗಿದ್ದರೂ ವಾಲ್ಮೀಕಿಯಲ್ಲಿ ಅದಿಲ್ಲ. ಅಲ್ಲಿ ಆಕೆ ಪಂಪಾತೀರದ ವನ್ಯಫಲಗಳನ್ನು ಕೂಡಿಟ್ಟು ಕಾದಿದ್ದಾಳೆ, ಅಷ್ಟೆ. ಆದರೂ ಕಚ್ಚಿ ನೋಡಿದ ಆ ಕಥೆಯನ್ನು ನಾನು ಬಿಡಲಾರೆ. ಕೇಳಿದ ಸಿಹಿಯನ್ನು ನೆಚ್ಚದೆ ತನ್ನ ನಾಲಗೆಯಿಂದ ಅರಿತು, ಆ ಅರಿವಿನ ಹೊಣೆ ಹೊತ್ತು ಕೊಟ್ಟ ಆ ಬೇಡತಿಯಲ್ಲಿ ಆಪ್ತಲಕ್ಷಣವು ಪರಿಪೂರ್ಣವಾಗಿ ಮೂಡಿದೆ. ತಿನಿಸನ್ನು ಎಂದೂ ಸವಿಯದ ಯಂತ್ರಕ್ಕೆ ಇಲ್ಲದಿರುವುದು ಇದೇ.

ಭಕ್ತಿಯ ಸತ್ಯವನ್ನೂ ಭೂಗೋಳದ ಸತ್ಯವನ್ನೂ ಒಂದೇ ಪಟ್ಟಿಗೆ ಸೇರಿಸುವುದು ಎರಡಕ್ಕೂ ಅನ್ಯಾಯ. “ಶಬರಿಯ ಆಶ್ರಮ ಇಲ್ಲಿತ್ತು” ಎಂಬುದೂ “ಇಲ್ಲಿತ್ತೆಂದು ಇಲ್ಲಿಯವರು ನಂಬಿ ಪೂಜಿಸುತ್ತಾರೆ” ಎಂಬುದೂ ಬೇರೆ ಬೇರೆ ವಾಕ್ಯಗಳು. ಎರಡನೆಯದಕ್ಕೆ ಸಾಕ್ಷಿ ನುಡಿಯಬಲ್ಲವರು ಇಂದಿಗೂ ಬದುಕಿದ್ದಾರೆ. ಆದುದರಿಂದ ಈ ಸೀಮೆಯ ಓದುಬರಹ ಬಲ್ಲವರಲ್ಲಿ ನನ್ನ ವಿನಂತಿ: ಕೊಳ್ಳದ ಐತಿಹ್ಯವನ್ನು ಹಿರಿಯರಿಂದ ಕೇಳಿ ಬರೆದಿಡಿರಿ, ಹೇಳಿದವರ ಊರನ್ನೂ ಕೇಳಿದ ವರ್ಷವನ್ನೂ ನಮೂದಿಸಿರಿ, ಕಣ್ಣಾರೆ ಕಂಡುದನ್ನೂ ಕಿವಿಯಾರೆ ಕೇಳಿದುದನ್ನೂ ಬೇರ್ಪಡಿಸಿ ಬರೆಯಿರಿ.