ರೋಗಿಯು ಅರಿಯದ ರೋಗ

ಜ್ವರ ಬಂದವನು ಕಂಬಳಿಯನ್ನು ಕೇಳುವನು. ಕಾಲಿಗೆ ಮುಳ್ಳು ಹೊಕ್ಕವನು ಕೂಗುವನು. ಹೀಗೆ ರೋಗಿಯ ಬಾಯಿಯೇ ರೋಗದ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸುವದು. ಆದರೆ ಹಿಡಿದವನಿಗೇ ಮರೆಯಾಗಿರುವ ಒಂದು ರೋಗವುಂಟು. ಅದಕ್ಕೆ ಒಳಗಾದವನು ಅನೇಕ ಸಾರಿ, "ನನಗೇನೂ ಆಗಿಲ್ಲ, ನೀವೇ ನನಗೆ ಕೇಡು ಬಗೆಯುತ್ತೀರಿ" ಎನ್ನುವನು. ಸ್ವಿಟ್ಜರ್ಲೆಂಡ್ ದೇಶದ ಬ್ಲಾಯ್ಲರ್ ಎಂಬ ವೈದ್ಯನು ೧೯೦೮ರಲ್ಲಿ ಇದಕ್ಕೆ ಸ್ಕಿಜೋಫ್ರೇನಿಯ ಎಂಬ ಹೆಸರನ್ನಿಟ್ಟನು. ಲೋಕದಲ್ಲಿ ಹೆಚ್ಚುಕಡಿಮೆ ೩೦೦ ಮಂದಿಗೆ ಒಬ್ಬರಂತೆ ಇದು ಇರುವದರಿಂದ, ನಮ್ಮ ಊರಿಗೆ ಇದು ಸಂಬಂಧಪಡದೆಂದು ಯಾರೂ ಹೇಳಲಾರರು. ಹೀಗಿರಲಾಗಿ ನಾವು ಕೇಳತಕ್ಕ ಪ್ರಶ್ನೆ ಇದು: ರೋಗಿಯು ತನ್ನ ರೋಗವನ್ನು ಅರಿಯದಿರುವಾಗ, ಅದನ್ನು ಅರಿಯುವ ಭಾರವು ಯಾರದು?

ಜೊತೆಯಲ್ಲಿರುವವರದೇ ಎಂದು ನಾವು ಹೇಳುತ್ತೇವೆ. ಆದದರಿಂದ ಅದರ ಗುರುತುಗಳನ್ನು ತಿಳುಕೊಳ್ಳಬೇಕು. ಹೆಚ್ಚಾಗಿ ಇದು ಯೌವನದಲ್ಲಿ ಮೆಲ್ಲಮೆಲ್ಲನೆ ತಲೆದೋರುವದು. ಮೊದಲನೆಯದು, ದುಡಿಯುತ್ತಿದ್ದ ಮಗನು ಹೊಲಕ್ಕೆ ಹೋಗಲೊಲ್ಲನು, ನಿದ್ರೆಗೆಡುವನು, ಸ್ನಾನವನ್ನು ಬಿಟ್ಟು, ಗೆಳೆಯರನ್ನು ತೊರೆದು ಮೂಲೆಯಲ್ಲಿ ಕೂಡುವನು. ನಾವು ಇದನ್ನು ಸೋಮಾರಿತನವೆಂದು ಗದರಿಸುತ್ತೇವೆ. ಎರಡನೆಯದು, ಯಾರೂ ಇಲ್ಲದಲ್ಲಿ ಅವನಿಗೆ ಸ್ವರಗಳು ಕೇಳಿಬರುವವು. ಅವು ಅವನನ್ನು ಬೈಯುವವು, ಅಪ್ಪಣೆ ಕೊಡುವವು. ಅವನು ಅವುಗಳಿಗೆ ಉತ್ತರ ಕೊಡುತ್ತಾ ಒಬ್ಬನೇ ನಗುವನು. ಮೂರನೆಯದು, ಅನ್ನದಲ್ಲಿ ಮದ್ದು ಹಾಕಿದ್ದಾರೆ, ಊರೆಲ್ಲಾ ತನ್ನ ಬೆನ್ನು ಹತ್ತಿದೆ ಎಂದು ದೃಢವಾಗಿ ನಂಬುವನು. ಎಷ್ಟು ಸಾಕ್ಷಿ ತೋರಿಸಿದರೂ ಆ ನಂಬಿಕೆ ಕದಲದು. ನಾಲ್ಕನೆಯದು, ಅವನ ಮಾತಿಗೆ ಮಾತು ಹೊಂದದು.

ಇವುಗಳಲ್ಲಿ ಒಂದನ್ನು ಕಂಡ ಕೂಡಲೆ ಯಾರನ್ನೂ ಹುಚ್ಚನೆನ್ನಬಾರದು. ಕುಡಿತ, ಗಾಂಜಾ, ವಿಷಮ ಜ್ವರ, ದೊಡ್ಡ ದುಃಖ ಇವುಗಳಿಂದಲೂ ಇಂಥವು ಉಂಟಾಗಬಹುದು, ತೀರ್ಮಾನವು ವೈದ್ಯರದು. ಆದರೂ ಗುರುತುಗಳು ಬಿಡದೆ ನಿಂತರೆ ಅವನನ್ನು ತಡವಿಲ್ಲದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಅವನು ಊಟ ಬಿಟ್ಟರೆ, ಇಲ್ಲವೆ ಸಾಯುವ ಮಾತಾಡಿದರೆ, ಆ ದಿನವೇ ಹೋಗಬೇಕು.

"ಇದು ಯಾರ ಪಾಪದ ಫಲ?" ಎಂದು ಕೆಲವರು ಕೇಳುವರು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರೂ ಹೀಗೆಯೇ ಕೇಳಿದರು. ಕರ್ತನು ಅವನ ಮೇಲಾಗಲಿ ಅವನ ತಂದೆತಾಯಿಗಳ ಮೇಲಾಗಲಿ ತಪ್ಪು ಹೊರಿಸಲಿಲ್ಲ. ಇದು ಮಿದುಳಿನ ವ್ಯಾಧಿ. ವಂಶದಿಂದ ಬರುವ ಬಲಹೀನತೆಯೂ ಇದಕ್ಕೆ ಒಂದು ಕಾರಣ. ತಾಯಿಯ ಸಾಕಣೆಯಿಂದ ಬಂದದ್ದಲ್ಲ. ದೆವ್ವವೆಂದು ಹೊಡೆಯುವದೂ ಕಟ್ಟಿಹಾಕುವದೂ ಕ್ರೂರತನವೇ. ೨೦೦೧ನೇ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ ಹೋದರು. ೨೮ ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರತಂದವರು ವಾಸಿಯಾಗಲೆಂದೇ ತಂದಿದ್ದರು. ಮನೋರೋಗಿಗಳಿಗೆ ಸರಪಳಿ ಹಾಕುವದನ್ನು ೨೦೧೭ರ ಕಾನೂನು ನಿಷೇಧಿಸಿದೆ. ನಾವು ಪ್ರಾರ್ಥನೆಯನ್ನು ಬಿಡೆನ್ನುವದಿಲ್ಲ. ಪ್ರಾರ್ಥನೆಯ ನೆವದಿಂದ ಔಷಧವನ್ನು ತಡೆಯಬೇಡವೆನ್ನುತ್ತೇವೆ.

ಇನ್ನೊಂದು ಕಷ್ಟದ ಪ್ರಶ್ನೆಯುಂಟು. ಅವನು ಒಲ್ಲೆನೆಂದರೆ ಗುಳಿಗೆಯನ್ನು ಅನ್ನದಲ್ಲಿ ಗುಪ್ತವಾಗಿ ಬೆರೆಸಬಹುದೋ? ಪ್ರೀತಿಯಿಂದಲೇ ಅನೇಕರು ಹಾಗೆ ಮಾಡುವರು. ಆದರೆ ಅನ್ನದಲ್ಲಿ ವಿಷವಿದೆಯೆಂದು ಹೆದರುವವನು ಒಂದು ದಿನ ಆ ಗುಳಿಗೆಯನ್ನು ಕಂಡರೆ, ಅವನ ಭಯವು ನಿಜವಾಯಿತಲ್ಲವೇ? ಅಂದಿನಿಂದ ಅವನು ಯಾರನ್ನು ನಂಬುವನು? ಆದದರಿಂದ ಅವನ ಭ್ರಮೆಯೊಂದಿಗೆ ವಾದಿಸಲೂ ಬೇಡ, ಅದಕ್ಕೆ ಹೌದೆನ್ನಲೂ ಬೇಡ. "ತಮ್ಮಾ, ನಿನಗೆ ರಾತ್ರಿ ನಿದ್ರೆಯಿಲ್ಲ, ಬಹಳ ಹೆದರಿದ್ದೀ, ನಾನೂ ಬರುತ್ತೇನೆ, ವೈದ್ಯರನ್ನು ಕಾಣೋಣ" ಎನ್ನಿರಿ. ಇದು ಸತ್ಯವೂ ಹೌದು, ಅವನು ಅನುಭವಿಸುವ ಸಂಕಟವೂ ಹೌದು. ಅವನು ಎಷ್ಟೂ ಒಪ್ಪದಿದ್ದರೆ ವೈದ್ಯರಿಗೇ ತಿಳಿಸಿ ಅವರ ಆಲೋಚನೆಯಂತೆ ನಡೆಯಬೇಕು.

ನಿರೀಕ್ಷೆಗೆ ಕಾರಣವುಂಟು. ೧೯೫೨ರಿಂದ ಈ ರೋಗಕ್ಕೆ ಔಷಧಗಳು ಬಳಕೆಗೆ ಬಂದಿವೆ. ಬೇಗ ಆರಂಭಿಸಿದಷ್ಟೂ ಗುಣ ಹೆಚ್ಚು. ಮೂವರಲ್ಲಿ ಒಬ್ಬರಾದರೂ ಪೂರ್ಣವಾಗಿ ವಾಸಿಯಾಗುವರು. ಇನ್ನನೇಕರು ಔಷಧ ಸೇವಿಸುತ್ತಾ ಕೆಲಸ ಮಾಡಿಕೊಂಡಿರುವರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿಯೇ ಇಂಥವರನ್ನು ಹುಡುಕಿ ಚಿಕಿತ್ಸೆ ಕೊಟ್ಟಿದ್ದಾರೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ೧೪೪೧೬ ಎಂಬ ಸರಕಾರದ ದೂರವಾಣಿಯಲ್ಲಿ ಖರ್ಚಿಲ್ಲದೆ ವಿಚಾರಿಸಬಹುದು.

ಪ್ರಿಯ ವಾಚಕರೇ, ಮಗಳ ಮದುವೆ ತಪ್ಪೀತೆಂದು, ಊರವರು ನಕ್ಕಾರೆಂದು, ಮನೆಯೊಳಗಣ ಸಂಕಟವನ್ನು ನಾವು ಬಚ್ಚಿಡುತ್ತೇವೆ. ರೋಗಿಯು ಅರಿಯದೆ ಸುಮ್ಮನಿರುವನು, ಅವನಲ್ಲಿ ತಪ್ಪಿಲ್ಲ. ನಾವು ಅರಿತೂ ಸುಮ್ಮನಿದ್ದರೆ ಏನು ಉತ್ತರ ಕೊಡುವೆವು?